ಆಡುವ ಎಲೆಯೋ, ಮಾರುವ ಎಲೆಯೋ?

ಕಳೆದ ಬೇಸಿಗೆ ರಜೆಯಲ್ಲಿ ಬಸವೇಶ್ವರನಗರದ ನನ್ನ ತಮ್ಮನ ಮನೆಯಲ್ಲಿ ಒಂದು ಪುಟ್ಟ ಪಂಚಾಯಿತಿ ನಡೆಯಿತು. ನ್ಯಾಯ ಹೇಳಲು ಕೂತವನು ನಾನು. ಹೇಳಿಯೂ ಬಿಟ್ಟೆ. ಆದರೆ ಅಂದು ಹೇಳಿದ ನ್ಯಾಯ ಅರ್ಧ ಮಾತ್ರ ಸರಿ ಎಂದು ಆಮೇಲೆ ಅನಿಸತೊಡಗಿತು. ಪ್ರಿಯ ಓದುಗರೇ, ನಡೆದದ್ದನ್ನು ನಿಮ್ಮ ಮುಂದಿಡುತ್ತೇನೆ. ನನ್ನ ಜಾಗದಲ್ಲಿ ನೀವಿದ್ದರೆ ಏನು ಹೇಳುತ್ತಿದ್ದಿರಿ ಎಂದು ಓದುತ್ತಲೇ ಯೋಚಿಸಿ.

ತಮ್ಮನ ದೊಡ್ಡ ಮಗಳು ಅಮೆರಿಕದಲ್ಲಿ ಕೆಲಸದಲ್ಲಿದ್ದಾಳೆ. ರಜೆಗೆ ಬಂದವಳು ತನ್ನ ತಮ್ಮನಿಗೆಂದು 'ಮ್ಯಾಜಿಕ್: ದ ಗ್ಯಾದರಿಂಗ್' ಎಂಬ ಆಟದ ಇಪ್ಪತ್ತನಾಲ್ಕು ಪೊಟ್ಟಣಗಳನ್ನು ತಂದುಕೊಟ್ಟಿದ್ದಳು. ಪೊಕೆಮಾನ್ ಎಲೆಗಳನ್ನು ನೀವು ನೋಡಿಯೇ ಇರುತ್ತೀರಿ. ಶಾಲೆಯ ಚೀಲ ಒಗೆಯಲು ತೆಗೆದರೆ ಅದರ ತಳದಲ್ಲಿ ಅಂಥ ಹತ್ತಾರು ಎಲೆಗಳು ಸಿಗುತ್ತವೆ. ಶಾಲೆಯ ಎದುರಿನ ಸ್ಟೇಷನರಿ ಅಂಗಡಿಗಳಲ್ಲಿ ಚಿನ್ನದ ಬಣ್ಣ ಬಳಿದ ನಕಲಿಗಳೂ ತೂಗಾಡುತ್ತವೆ. ಮ್ಯಾಜಿಕ್ ಆ ಜಾತಿಯ ಆಟಗಳಿಗೆಲ್ಲ ಹಿರಿಯಣ್ಣ. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞ ರೂಪಿಸಿದ ಈ ಆಟ 1993ರಲ್ಲಿ ಮಾರುಕಟ್ಟೆಗೆ ಬಂತು. ಎಲೆಗಳು ಸಾವಿರಾರು ಬಗೆ. ಪೊಟ್ಟಣದೊಳಗೆ ಯಾವುದಿದೆ ಎಂಬುದು ಬಿಚ್ಚುವವರೆಗೆ ಗೊತ್ತಿಲ್ಲ. ಕೆಲವು ಧಾರಾಳವಾಗಿ ಸಿಗುತ್ತವೆ, ಕೆಲವು ಅಪರೂಪ. ಅಪರೂಪವಾದದ್ದಕ್ಕೆ ಬೆಲೆ, ಅದರಲ್ಲೂ ಮಿಂಚುವ ಹಾಳೆಯಲ್ಲಿ ಅಚ್ಚಾದದ್ದಕ್ಕೆ ಇನ್ನೂ ಬೆಲೆ.

ಈ ಆಟವನ್ನು ಆಡುವ ಒಂದು ಸೊಗಸಾದ ಕ್ರಮವಿದೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಎಂಟು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬೊಬ್ಬರಿಗೆ ಮೂರು ಪೊಟ್ಟಣ. ಎಲ್ಲರೂ ಮೊದಲನೆಯದನ್ನು ಬಿಚ್ಚಿ, ಒಂದೇ ಒಂದು ಎಲೆಯನ್ನು ಆರಿಸಿಕೊಂಡು, ಉಳಿದದ್ದನ್ನು ಎಡಗಡೆಯವರಿಗೆ ದಾಟಿಸಬೇಕು. ಬಲಗಡೆಯಿಂದ ಬಂದದ್ದರಲ್ಲಿ ಮತ್ತೆ ಒಂದನ್ನು ಆರಿಸಬೇಕು. ಹೀಗೆ ಎಲೆಗಳು ಮುಗಿಯುವವರೆಗೆ. ಎರಡನೇ ಪೊಟ್ಟಣ ಬಲಕ್ಕೆ ತಿರುಗುತ್ತದೆ, ಮೂರನೆಯದು ಮತ್ತೆ ಎಡಕ್ಕೆ. ಹಿಂದೆ ಪೊಟ್ಟಣಕ್ಕೆ 15 ಎಲೆಗಳಿದ್ದವು, 2024ರಿಂದ 14. ಕೊನೆಗೆ ಪ್ರತಿಯೊಬ್ಬರೂ ತಾವು ಕೂಡಿಸಿಕೊಂಡ ನಲವತ್ತು ಚಿಲ್ಲರೆ ಎಲೆಗಳಲ್ಲಿ ಇಪ್ಪತ್ತಮೂರರಷ್ಟನ್ನು ಇಟ್ಟುಕೊಂಡು, ಅದಕ್ಕೆ 'ನೆಲ' ಎಂಬ ಸಾಮಾನ್ಯ ಎಲೆಗಳನ್ನು ಹದಿನೇಳರಷ್ಟು ಸೇರಿಸಿ, ನಲವತ್ತರ ಕಟ್ಟು ಮಾಡಿ ಪರಸ್ಪರ ಆಡುತ್ತಾರೆ. ಆಟದಲ್ಲಿ ಐದು ಬಣ್ಣಗಳಿವೆ. ಒಂದು ಕಟ್ಟಿನಲ್ಲಿ ಸಾಮಾನ್ಯವಾಗಿ ಎರಡು ಬಣ್ಣ ಮಾತ್ರ ಚೆನ್ನಾಗಿ ಹೊಂದುತ್ತವೆ. ಹಾಗಾಗಿ ಕೆಂಪು ಬಿಳಿ ಕೂಡಿಸುತ್ತಿರುವವನಿಗೆ ಹಸಿರು ಎಲೆ ಎಷ್ಟೇ ಬಲಶಾಲಿಯಾಗಿದ್ದರೂ ಕೆಲಸಕ್ಕೆ ಬಾರದು.

ಅಂದು ಮೇಜಿನ ಸುತ್ತ ಕೂತಿದ್ದವರು ತಮ್ಮನ ಮಗ, ಅವನ ಕೆಲವು ಬಂಧುಗಳು, ಮತ್ತು ಅದೇ ಬೀದಿಯ ಮೂವರು ಹುಡುಗರು. ಮೂರನೇ ಪೊಟ್ಟಣ ಬಿಚ್ಚಿದಾಗ ಬೀದಿಯ ಹುಡುಗರಲ್ಲೊಬ್ಬನಿಗೆ ಮಿಂಚುವ ಎಲೆಯೊಂದು ಬಂತು. ಅವನು ಎರಡು ಕ್ಷಣ ನೋಡಿ ಅದನ್ನೇ ತೆಗೆದುಕೊಂಡ. ಪಕ್ಕದಲ್ಲಿದ್ದ ತಮ್ಮನ ಮಗ ಇಣುಕಿದ.

"ಅದು ನಿನ್ನ ಬಣ್ಣ ಅಲ್ವಲ್ಲೋ! ಯಾಕೆ ತಗೊಂಡೆ?"

"ಸುಮ್ನೆ ತಗೊಂಡೆ."

ಅಷ್ಟರಲ್ಲಿ ಇನ್ನೊಬ್ಬ ಮೊಬೈಲಿನಲ್ಲಿ ಬೆಲೆ ನೋಡಿಯಾಗಿತ್ತು. ಮೂರು ಸಾವಿರ ರೂಪಾಯಿಯ ಆಸುಪಾಸು. ಗಲಾಟೆ ಶುರುವಾಯಿತು. ಕೊನೆಗೆ ದೂರು ನನ್ನ ಬಳಿ ಬಂತು. "ದೊಡ್ಡಪ್ಪ, ಇವನು ಆಡೋಕೆ ತಗೊಂಡಿಲ್ಲ, ಮಾರೋಕೆ ತಗೊಂಡಿದಾನೆ. ಇದು ಮೋಸ ಅಲ್ವಾ?"

ನಾನು ಪತ್ರಿಕೆ ಮಡಿಸಿಟ್ಟು ಗಂಭೀರವಾಗಿ ಹೇಳಿದೆ: "ಆಟಕ್ಕೆ ಕೂತ ಮೇಲೆ ಆಟ ಆಡಬೇಕು ಕಣಪ್ಪ. ಅದನ್ನ ವಾಪಸ್ ಇಡು. ನಿನಗೆ ಆಟಕ್ಕೆ ಬೇಕಾದದ್ದು ತಗೋ."

ಹುಡುಗ ಎದುರಾಡಲಿಲ್ಲ. "ಸರಿ ಅಂಕಲ್" ಎಂದು ಆ ಎಲೆಯನ್ನು ಹಿಂದಕ್ಕಿಟ್ಟು ಬೇರೊಂದನ್ನು ತೆಗೆದುಕೊಂಡ. ಪೊಟ್ಟಣ ಎಡಗಡೆಗೆ ಸರಿಯಿತು. ಆಟ ಮುಗಿಯಿತು, ಮಕ್ಕಳು ಚುರುಮುರಿ ತಿಂದು ಚದುರಿದರು. ನ್ಯಾಯಾಧೀಶರು ತೃಪ್ತಿಯಿಂದ ಪತ್ರಿಕೆಗೆ ಮರಳಿದರು.

ಆ ತೃಪ್ತಿ ರಾತ್ರಿಯ ಊಟದವರೆಗೆ ಮಾತ್ರ ಉಳಿಯಿತು. ಊಟಕ್ಕೆ ಕೂತಾಗ ತಮ್ಮನ ಹೆಂಡತಿ ಆ ಹುಡುಗನ ಮಾತೆತ್ತಿದಳು. ಅವನ ತಾಯಿ ಸೀರೆಗೆ ಫಾಲ್ ಹಚ್ಚಿ, ಕುಚ್ಚು ಕಟ್ಟಿ ಸಂಸಾರ ತೂಗಿಸುತ್ತಾಳೆ. ಎರಡನೇ ಪಿಯುಸಿಯ ಶುಲ್ಕ ಇನ್ನೂ ಕಟ್ಟಿಲ್ಲವಂತೆ. ನನ್ನ ಕೈಯ ತುತ್ತು ಅಲ್ಲೇ ನಿಂತಿತು. ಆಗ ಇನ್ನೊಂದು ವಿಷಯವೂ ಹೊಳೆಯಿತು. ಪೊಟ್ಟಣ ಎಡಗಡೆಗೆ ಸರಿಯಿತು ಎಂದೆನಲ್ಲ, ಎಡಗಡೆ ಕೂತಿದ್ದವನು ಯಾರು? ನನ್ನ ತಮ್ಮನ ಮಗನೇ! ದೂರು ಕೊಟ್ಟವನೂ ಅವನೇ, ಎಲೆ ಹೋಗಿ ಸೇರಿದ್ದೂ ಅವನನ್ನೇ.

ಈಗ ಹೇಳಿ ಓದುಗರೇ, ಆ ಹುಡುಗ ಮಾಡಿದ್ದು ತಪ್ಪೇ?

ಒಂದು ವಸ್ತುವಿಗೆ ಎರಡು ಬಗೆಯ ಬೆಲೆ ಇರುತ್ತದೆಂಬುದು ಹಳೆಯ ಮಾತು. ಗ್ರೀಸಿನ ಅರಿಸ್ಟಾಟಲ್ ತನ್ನ 'ರಾಜನೀತಿ' ಗ್ರಂಥದ ಮೊದಲ ಭಾಗದಲ್ಲಿ ಇದಕ್ಕೆ ಪಾದರಕ್ಷೆಯ ಉದಾಹರಣೆ ಕೊಡುತ್ತಾನೆ. ಪಾದರಕ್ಷೆಯನ್ನು ಮೆಟ್ಟಿಕೊಳ್ಳಬಹುದು, ಮತ್ತೊಂದು ವಸ್ತುವಿಗೆ ಬದಲಾಯಿಸಿಕೊಳ್ಳಲೂಬಹುದು. ಎರಡೂ ಅದರ ಉಪಯೋಗವೇ. ಆದರೆ ಪಾದರಕ್ಷೆ ಹುಟ್ಟಿದ್ದು ಮೆಟ್ಟುವುದಕ್ಕೆ. ಸಂತ ಅಗಸ್ಟೀನರು 'ದೇವನಗರ'ದ ಹನ್ನೊಂದನೇ ಪುಸ್ತಕದಲ್ಲಿ ಇದನ್ನೇ ಇನ್ನೊಂದು ಕಡೆಯಿಂದ ನೋಡುತ್ತಾರೆ. ಸೃಷ್ಟಿಯ ಕ್ರಮದಲ್ಲಿ ಜೀವವಿರುವುದು ಜೀವವಿಲ್ಲದ್ದಕ್ಕಿಂತ ಮೇಲು. ಆದರೂ ಮನೆಯಲ್ಲಿ ಇಲಿ ಇರುವುದಕ್ಕಿಂತ ರೊಟ್ಟಿ ಇರಲಿ ಎಂದೇ ಯಾರೂ ಬಯಸುತ್ತಾರೆ. ಅವರ ಕಾಲದ ಸಂತೆಯಲ್ಲಿ ಒಬ್ಬ ಗುಲಾಮನಿಗಿಂತ ಒಂದು ಕುದುರೆಗೆ ಹೆಚ್ಚು ಹಣ ಸಿಗುತ್ತಿತ್ತು ಎಂಬುದನ್ನೂ ಅವರು ನೆನಪಿಸುತ್ತಾರೆ. ಸಂತೆಯ ತಕ್ಕಡಿ ಬೇರೆ, ಸೃಷ್ಟಿಯ ತಕ್ಕಡಿ ಬೇರೆ. ಸಂತ ತೋಮಸ್ ಅಕ್ವೀನಾಸರು ಕೊಡುಕೊಳ್ಳುವ ವ್ಯವಹಾರದ ನ್ಯಾಯವನ್ನು ಚರ್ಚಿಸುವಾಗ ಇದೇ ಮಾತನ್ನು ಎತ್ತಿಕೊಳ್ಳುತ್ತಾರೆ. ಬೆಲೆ ನಿಲ್ಲುವುದು ವಸ್ತುವಿನ ಹಿರಿಮೆಯ ಮೇಲಲ್ಲ, ಮನುಷ್ಯನಿಗೆ ಅದರಿಂದಾಗುವ ಪ್ರಯೋಜನದ ಮೇಲೆ ಎಂಬುದು ಅವರ ವಾದ.

ಇಷ್ಟು ದೂರ ಹೋಗುವುದೇ ಬೇಡ. ಇಪ್ಪತ್ತೆಂಟು ಎಂಬ ಇಸ್ಪೀಟಾಟ ನಮ್ಮಲ್ಲಿ ಅನೇಕ ಮನೆಗಳಲ್ಲಿ ಗೊತ್ತು. ಅದರಲ್ಲಿ ಗುಲಾಮನಿಗೆ ಮೂರು ಅಂಕ, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಕಿರೀಟ ಧರಿಸಿ ಕೂತ ರಾಜನಿಗೆ? ಸೊನ್ನೆ. ರಾಣಿಗೂ ಸೊನ್ನೆ. ಇಸ್ಪೀಟು ಕಲಿತ ಮಕ್ಕಳು ಮೊದಲ ಸಲ ಇದನ್ನು ಕೇಳಿ ಬೆರಗಾಗುತ್ತಾರೆ. 1990ರ ದಶಕದಲ್ಲಿ ಬೆಳೆದವರಿಗೆ ಕುಸ್ತಿಪಟುಗಳ ಟ್ರಂಪ್ ಕಾರ್ಡುಗಳು ನೆನಪಿರಬಹುದು. ರಾಜಾಜಿನಗರದ ಗಲ್ಲಿಗಳ ಜಗಲಿಗಳಲ್ಲಿ ಮಧ್ಯಾಹ್ನವಿಡೀ ಅದೇ. ಎಲ್ಲರಿಗೂ ಬೇಕಾಗಿದ್ದವನು ಹಲ್ಕ್ ಹೋಗನ್. ಆದರೆ 'ತೂಕ' ಎಂದು ಕರೆದಾಗ ಕೈಹಿಡಿಯುತ್ತಿದ್ದವನು ಧಡೂತಿ ಯೊಕೊಜುನಾ. ಬಿಗ್ ಫನ್ ಬಬಲ್‌ಗಮ್ಮಿನ ಜೊತೆ ಬರುತ್ತಿದ್ದ ಕ್ರಿಕೆಟಿಗರ ಚಿತ್ರಗಳಲ್ಲೂ ಅಷ್ಟೆ. ಒಬ್ಬನಿಗೆ ಅದರ ಮೇಲೆ ಅಚ್ಚಾದ ರನ್ನುಗಳು ಬೇಕು, ಇನ್ನೊಬ್ಬನಿಗೆ ತನ್ನ ಮೆಚ್ಚಿನ ಆಟಗಾರನ ಮುಖ ಬೇಕು. ಇಬ್ಬರೂ ಬದಲಾಯಿಸಿಕೊಂಡು ಇಬ್ಬರೂ ಗೆದ್ದೆವೆಂದು ಮನೆಗೆ ಹೋಗುತ್ತಿದ್ದರು.

ಡ್ರಾಫ್ಟಿನಲ್ಲಿ ಈ ಎರಡು ತಕ್ಕಡಿಗಳೂ ಒಂದೇ ಕ್ಷಣದಲ್ಲಿ ಕಣ್ಣಮುಂದೆ ಬಂದು ನಿಲ್ಲುತ್ತವೆ. ಒಂದೇ ಎಲೆ ತೆಗೆದುಕೊಳ್ಳಬಹುದು, ಒಂದು ನಿಮಿಷದೊಳಗೆ ತೆಗೆದುಕೊಳ್ಳಬೇಕು, ಬಿಟ್ಟದ್ದು ಪಕ್ಕದವನ ಪಾಲು.

ಇದರ ಬಹು ಪ್ರಸಿದ್ಧ ಪ್ರಸಂಗ ನಡೆದದ್ದು 2015ರ ಮೇ ತಿಂಗಳ ಕೊನೆಯಲ್ಲಿ, ಅಮೆರಿಕದ ಲಾಸ್ ವೇಗಸ್ ನಗರದಲ್ಲಿ. ಸಾವಿರಾರು ಮಂದಿ ಸೇರಿದ್ದ ದೊಡ್ಡ ಪಂದ್ಯ. ಕೊನೆಯ ಎಂಟು ಮಂದಿಯ ಡ್ರಾಫ್ಟ್ ನೇರ ಪ್ರಸಾರವಾಗುತ್ತಿತ್ತು. ಕೆನಡಾದ ಪಾಸ್ಕಲ್ ಮೇನಾರ್ಡ್ ಎಂಬ ಆಟಗಾರ ಕೆಂಪು ಬಿಳಿ ಬಣ್ಣಗಳನ್ನು ಕೂಡಿಸುತ್ತಿದ್ದ. ಅವನ ಮುಂದಿದ್ದ ಪೊಟ್ಟಣದಲ್ಲಿ ಅವನ ಕಟ್ಟಿಗೆ ಹೇಳಿಮಾಡಿಸಿದಂಥ 'ಬರ್ಸ್ಟ್ ಲೈಟ್ನಿಂಗ್' ಎಂಬ ಕೆಂಪು ಎಲೆ ಇತ್ತು. ಜೊತೆಗೆ 'ಟಾರ್ಮೊಗಾಯ್ಫ್' ಎಂಬ ಹಸಿರು ಎಲೆ, ಅದೂ ಮಿಂಚುವ ಹಾಳೆಯಲ್ಲಿ ಅಚ್ಚಾದದ್ದು. ಅದರ ಬೆಲೆ ಆಗಲೇ ನೂರಾರು ಡಾಲರು. ಮೇನಾರ್ಡ್ ಹಸಿರನ್ನು ತೆಗೆದುಕೊಂಡ. ನೋಡುತ್ತಿದ್ದವರು ಎರಡು ಪಂಗಡವಾದರು. ಕೊನೆಯ ಎಂಟಕ್ಕೆ ಬಂದವನು ಗೆಲುವಿಗೆ ಬೆನ್ನು ಹಾಕಿದನಲ್ಲ ಎಂದು ಕೆಲವು ಹೆಸರಾಂತ ಆಟಗಾರರೇ ಛೀಮಾರಿ ಹಾಕಿದರು. ನೂರಾರು ಡಾಲರನ್ನು ಪಕ್ಕದವನಿಗೆ ದಾಟಿಸುವವನು ದಡ್ಡ ಎಂದು ಮತ್ತೆ ಕೆಲವರು ಬೆನ್ನು ತಟ್ಟಿದರು. ಜಗಳವೇ ಆ ಎಲೆಗೆ ಹೆಸರು ತಂದಿತು. ಮೇನಾರ್ಡ್ ಅದನ್ನು ಹರಾಜಿಗಿಟ್ಟಾಗ 14,900 ಡಾಲರಿಗೆ ಹೋಯಿತು. ಅರ್ಧ ಹಣವನ್ನು ಅವನು ಆಟಗಾರ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡುವ ಸಂಸ್ಥೆಯೊಂದಕ್ಕೆ ಕೊಟ್ಟ.

ಅರ್ಧ ದಾನ ಕೊಟ್ಟದ್ದರಿಂದ ಆಯ್ಕೆ ಸರಿಯಾಯಿತು ಎಂದು ನಾನು ಹೇಳುವುದಿಲ್ಲ. ಆರಿಸಿದ ಕ್ಷಣದಲ್ಲಿ ಹರಾಜೂ ಇರಲಿಲ್ಲ, ದಾನವೂ ಇರಲಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಅವನು ಯಾರಿಗೆ ಏನು ಬಾಕಿ ಇದ್ದ? ಆ ಮೇಜಿನಲ್ಲಿ ಪ್ರತಿಯೊಬ್ಬನೂ ತನ್ನ ಪರವಾಗಿ ಆಡುತ್ತಿದ್ದ. ಆರಿಸಿದ ಎಲೆ ಆರಿಸಿದವನದು ಎಂಬುದು ಎಲ್ಲರಿಗೂ ಗೊತ್ತಿದ್ದ ನಿಯಮ. ಅವನು ಕಟ್ಟನ್ನು ದುರ್ಬಲ ಮಾಡಿಕೊಂಡರೆ ನಷ್ಟ ಅವನಿಗೇ, ಎದುರಾಳಿಗೆ ಲಾಭ. ಮುಚ್ಚುಮರೆ ಇಲ್ಲ. ಹಾಗಾದರೆ ಮೋಸ ಎಲ್ಲಿ ಬಂತು?

ಇನ್ನೊಂದು ಲೆಕ್ಕ ಆಟ ಬಲ್ಲವರಿಗೆ ಗೊತ್ತು. ಕೂಡಿಸಿದ ನಲವತ್ತು ಚಿಲ್ಲರೆ ಎಲೆಗಳಲ್ಲಿ ಕಟ್ಟಿಗೆ ಹೋಗುವುದು ಇಪ್ಪತ್ತಮೂರು ಮಾತ್ರ. ಉಳಿದದ್ದು ಹೇಗೂ ಪಕ್ಕಕ್ಕೆ. ಎಲೆಯ ಆಟದ ಬೆಲೆ ಒಂಟಿಯಾಗಿ ಇರುವುದಿಲ್ಲ, ಜೊತೆಗೆ ಏನಿದೆ ಎಂಬುದರ ಮೇಲೆ ನಿಂತಿದೆ. ಒಲೆಯಿಲ್ಲದ ಮನೆಗೆ ಬೋಸಿ ಎಷ್ಟು ಹೊಳೆದರೇನು? ಮೊದಲನೇ ಆಯ್ಕೆಯಲ್ಲಿ ಯಾವ ಬಣ್ಣವೂ ನಿರ್ಧಾರವಾಗಿಲ್ಲ, ಆಗ ಬೆಲೆಬಾಳುವ ಎಲೆ ತೆಗೆದುಕೊಂಡರೆ ಹೆಚ್ಚು ನಷ್ಟವಿಲ್ಲ. ಮೂರನೇ ಪೊಟ್ಟಣದ ಹೊತ್ತಿಗೆ ಕಟ್ಟಿನಲ್ಲಿ ಏನು ಕೊರತೆ ಎಂಬುದು ಸ್ಪಷ್ಟವಾಗಿರುತ್ತದೆ, ಆಗ ಒಂದು ಸಾಧಾರಣ ಎಲೆಯೇ ಅನ್ನವಾಗಬಹುದು. ಒಳ್ಳೆಯ ಆಟಗಾರ ಇದನ್ನೆಲ್ಲ ತೂಗಿ ನೋಡುತ್ತಾನೆ. ನಮ್ಮ ಬೀದಿಯ ಹುಡುಗನೂ ಎರಡು ಕ್ಷಣ ನೋಡಿದ್ದ ಎಂದೆನಲ್ಲ, ಬಹುಶಃ ಅದನ್ನೇ ತೂಗುತ್ತಿದ್ದ.

ಹಾಗಾದರೆ ಹಣಕ್ಕಾಗಿ ಆರಿಸುವುದೆಲ್ಲ ಸರಿಯೇ? ಅದನ್ನೂ ಒಪ್ಪಲಾರೆ. ಎಂಟೂ ಜನ ಬರೀ ಬೆಲೆ ನೋಡಿ ಆರಿಸಿದರೆ ಅಲ್ಲಿ ಆಟವೇ ಇಲ್ಲ, ಲಾಟರಿ ಚೀಟಿ ಉಜ್ಜಿದಂತೆ. ಆಡಲು ಬಂದ ಒಬ್ಬ ಪುಟ್ಟ ಹುಡುಗಿಗೆ ಎದುರಾಳಿಯೇ ಸಿಗುವುದಿಲ್ಲ. ಪೊಟ್ಟಣ ಬಿಚ್ಚುವುದರಲ್ಲೇ ಅದೃಷ್ಟದ ಒಂದು ಎಳೆ ಇದೆ, ಪೋಷಕರು ಅದನ್ನು ಮರೆಯಬಾರದು. ಅದೃಷ್ಟದ ಆಟಗಳು ತಾವಾಗಿಯೇ ನ್ಯಾಯಕ್ಕೆ ವಿರುದ್ಧವಲ್ಲ, ಆದರೆ ಸ್ವಂತದವರ ಮತ್ತು ಪರರ ಅಗತ್ಯಕ್ಕೆ ಬೇಕಾದದ್ದನ್ನೇ ಕಸಿದುಕೊಂಡಾಗ ಅವು ಒಪ್ಪತಕ್ಕವಲ್ಲ ಎಂಬುದು ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2413ನೇ ಸಂಖ್ಯೆಯ ತಾತ್ಪರ್ಯ. ದೊಡ್ಡ ಎಲೆ ಸಿಗಬಹುದೆಂದು ಹಾಲಿನ ದುಡ್ಡಿನಲ್ಲಿ ಪೊಟ್ಟಣ ಕೊಳ್ಳುವ ಹುಡುಗನಿಗೂ, ಸಿಕ್ಕ ಪೊಟ್ಟಣದಲ್ಲಿ ಬಂದ ದೊಡ್ಡ ಎಲೆಯನ್ನು ಇಟ್ಟುಕೊಳ್ಳುವ ಹುಡುಗನಿಗೂ ವ್ಯತ್ಯಾಸವಿದೆ. ಅಂದು ನಾನು ಇಬ್ಬರನ್ನೂ ಒಂದೇ ಮಾಡಿಬಿಟ್ಟೆ.

ಇವೆರಡಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ತನಗೂ ಬೇಡ, ಮಾರುವುದಕ್ಕೂ ಬೇಡ, ಪಕ್ಕದವನಿಗೆ ಸಿಗಬಾರದು ಎಂದಷ್ಟೇ ಎಲೆ ತೆಗೆದುಕೊಳ್ಳುವುದು. ನಿಯಮ ಇದಕ್ಕೂ ಅಡ್ಡ ಬರುವುದಿಲ್ಲ. ಪಂದ್ಯದ ಮಟ್ಟಿಗೆ ಕೆಲವೊಮ್ಮೆ ಜಾಣತನವೂ ಹೌದು. ಆದರೆ ಮನೆಯ ಮೇಜಿನಲ್ಲಿ, ಅಣ್ಣ ತಂಗಿಯರ ನಡುವೆ, ಅದನ್ನು ನಾನು ಮೂರು ಸಾವಿರದ ಎಲೆಗಿಂತ ಹೆಚ್ಚು ಗಮನಿಸುತ್ತೇನೆ.

ಶುಭಸಂದೇಶದ ಮುತ್ತಿನ ವ್ಯಾಪಾರಿಯ ಸಾಮತಿಯನ್ನು ನೆನಪು ಮಾಡಿಕೊಳ್ಳಿ. ಅಮೂಲ್ಯವಾದ ಒಂದು ಮುತ್ತಿಗಾಗಿ ಅವನು ಇದ್ದದ್ದನ್ನೆಲ್ಲ ಮಾರಿದ. ಯಾರೂ ಅವನನ್ನು ಮೋಸಗಾರ ಎನ್ನಲಿಲ್ಲ. ಅವನು ವ್ಯಾಪಾರಿ, ಮುತ್ತು ಹುಡುಕಿಕೊಂಡೇ ಹೊರಟವನು, ಅದು ಎಲ್ಲರಿಗೂ ತಿಳಿದದ್ದು. ನಮ್ಮ ಮೇಜಿನಲ್ಲಿ ಅಂದು ಇದೇ ಇರಲಿಲ್ಲ. ಆಟ ಮುಗಿದ ಮೇಲೆ ಎಲೆಗಳು ಯಾರವು? ಪೊಟ್ಟಣ ತಂದ ಅಕ್ಕನವೇ, ಮನೆಯ ಹುಡುಗನವೇ, ಆರಿಸಿದವರವೇ? ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಹೇಳದೆ ಬಿಟ್ಟ ಜಾಗದಲ್ಲಿ ನಾನು ನನ್ನ ನೀತಿಯನ್ನು ತುರುಕಿದೆ. ನನ್ನ ನೀತಿಯ ಲಾಭ ನನ್ನ ಮನೆಗೇ ಬಂತು.

ಬೆಲೆ ಆಟವನ್ನೇ ನುಂಗಿಬಿಡುವುದೂ ಉಂಟು. ಅದನ್ನು ನೋಡಲು ಲಾಸ್ ವೇಗಸ್ಸಿಗೆ ಹೋಗಬೇಕಿಲ್ಲ, ಕೆಂಗೇರಿ ದಾಟಿ ಮೈಸೂರು ರಸ್ತೆ ಹಿಡಿದು ಶ್ರೀರಂಗಪಟ್ಟಣದವರೆಗೆ ಹೋದರೆ ಸಾಕು. ನಮ್ಮ ನಾಡಿನ ಗಂಜೀಫಾ ಎಲೆಗಳ ಕಥೆ ಅಲ್ಲಿದೆ. ದುಂಡಗಿನ, ಕೈಯಲ್ಲೇ ಬಣ್ಣ ತುಂಬಿದ ಎಲೆಗಳು. ಬಾಬರನು 1527ರಲ್ಲಿ ಗಂಜೀಫಾ ಎಲೆಗಳನ್ನು ಸಿಂಧ್ ಕಡೆಯ ಸ್ನೇಹಿತನಿಗೆ ಕಳಿಸಿಕೊಟ್ಟದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮೊಗಲರ ಗಂಜೀಫಾದಲ್ಲಿ 96 ಎಲೆಗಳು. ನಮ್ಮಲ್ಲಿ ಬಂದು ಬೇರೂರಿದ ದಶಾವತಾರ ಗಂಜೀಫಾದಲ್ಲಿ ಹತ್ತು ಗುಂಪು, ಗುಂಪಿಗೆ ಹನ್ನೆರಡರಂತೆ 120. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಈ ಆಟಕ್ಕೆ ಮನಸೋತು ತಾವೇ ಹಲವು ಹೊಸ ಆಟಗಳನ್ನು ರೂಪಿಸಿದರು. ಅವುಗಳಲ್ಲಿ ದೊಡ್ಡದಕ್ಕೆ 360 ಎಲೆಗಳು! ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗದಲ್ಲಿ ಅವುಗಳ ವಿವರವಿದೆ.

ಗಂಜೀಫಾದಲ್ಲಿ ಮೊದಲಿಂದಲೂ ಎರಡು ದರ್ಜೆಗಳಿದ್ದವು. ದರ್ಬಾರ್ ಕಲಂ ಎಂಬುದು ಅರಮನೆಯವರಿಗೆ. ದಂತ, ಆಮೆಚಿಪ್ಪು ಮುಂತಾದವುಗಳಲ್ಲಿ ಮಾಡಿದ್ದು. ಬಜಾರ್ ಕಲಂ ಎಂಬುದು ಜನಸಾಮಾನ್ಯರಿಗೆ. ಮರ, ತಾಳೆಗರಿ, ಗಂಜಿ ಹಾಕಿ ಗಟ್ಟಿಮಾಡಿದ ಬಟ್ಟೆಯಲ್ಲಿ ಮಾಡಿದ್ದು. ಬಜಾರಿನ ಎಲೆಗಳನ್ನು ಜನ ಆಡಿದರು. ಆಡಿ ಸವೆಸಿದರು, ಅಂಚು ಮುರಿದವು, ಬಣ್ಣ ಹೋಯಿತು, ಕೊನೆಗೆ ಎಸೆದರು. ದರ್ಬಾರಿನ ಎಲೆಗಳು ಪೆಟ್ಟಿಗೆಯಲ್ಲಿ ಉಳಿದುಕೊಂಡವು. ಅಗ್ಗದ ಅಚ್ಚಿನ ಇಸ್ಪೀಟು ಬಂದ ಮೇಲೆ ಆಡುವವರು ಅತ್ತ ಹೋದರು. ಇಪ್ಪತ್ತನೇ ಶತಮಾನದಲ್ಲಿ ಮರೆಯಾಗುತ್ತಿದ್ದ ಈ ಕಲೆಯನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಶ್ರೀರಂಗಪಟ್ಟಣದ ಕಲಾವಿದ ರಘುಪತಿ ಭಟ್ಟರ ಹೆಸರು ದೊಡ್ಡದು. ಮೈಸೂರಿನ ಗಂಜೀಫಾಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿದೆ. ಕಲೆ ಉಳಿಯಿತು, ಅದು ಸಂತೋಷ. ಆದರೆ ಈಗ ಅದನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಆಡುವ ಕ್ರಮ ಬಲ್ಲವರು ಬೆರಳೆಣಿಕೆಯಷ್ಟು. ಬೆಲೆಬಾಳುವ ಎಲೆ ಉಳಿಯಿತು, ಆಟ ಹೋಯಿತು. ಬಜಾರಿನವರು ಅಷ್ಟು ಆಡಿ ಸವೆಸದೆ ಇದ್ದಿದ್ದರೆ ಆ ಆಟ ಅರಮನೆಯ ಹೊರಗೆ ಬರುತ್ತಲೂ ಇರಲಿಲ್ಲ ಎನ್ನುವುದನ್ನೂ ಮರೆಯುವಂತಿಲ್ಲ.

ಮ್ಯಾಜಿಕ್ ಆಟಕ್ಕೂ ಇದೇ ಜಗ್ಗಾಟ ಬೇಗನೆ ಎದುರಾಯಿತು. ಹಳೆಯ ಎಲೆಗಳು ಸಿಗದೆ ಹೊಸ ಆಟಗಾರರು ಪರದಾಡುತ್ತಿದ್ದಾಗ, ಪ್ರಕಾಶಕರು 1995ರಲ್ಲಿ ಅನೇಕವನ್ನು ಮತ್ತೆ ಅಚ್ಚುಹಾಕಿದರು. ಆಡುವವರಿಗೆ ಹಬ್ಬ. ಆದರೆ ಕೂಡಿಟ್ಟವರು ತಮ್ಮ ಎಲೆಗಳ ಬೆಲೆ ಬಿತ್ತೆಂದು ಸಿಟ್ಟಾದರು. ಮರುವರ್ಷ, 1996ರಲ್ಲಿ, ಇಂತಿಂಥ ಎಲೆಗಳನ್ನು ಇನ್ನು ಅಚ್ಚುಹಾಕುವುದಿಲ್ಲ ಎಂದು ಪ್ರಕಾಶಕರು ಪಟ್ಟಿ ಮಾಡಿ ಮಾತು ಕೊಟ್ಟರು. ಅದರಲ್ಲಿ 1993ರ 'ಬ್ಲ್ಯಾಕ್ ಲೋಟಸ್' ಒಂದು. ಅದರ ಒಂದು ಪ್ರತಿ 2021ರ ಜನವರಿಯಲ್ಲಿ 5 ಲಕ್ಷದ 11 ಸಾವಿರ ಡಾಲರಿಗೆ ಹರಾಜಾಯಿತು. ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿಯಲ್ಲಿ ಮುಚ್ಚಿ, ಮೇಲೆ ಅಂಕ ಬರೆದು ಮೊಹರು ಮಾಡಿದ್ದು. ಅದನ್ನು ಕೈಗೆ ತೆಗೆದುಕೊಂಡು ಆಡಿದರೆ ಬೆಲೆ ಹೋಗುತ್ತದೆ. ಬಹುತೇಕ ಪಂದ್ಯಗಳಲ್ಲಿ ಅದನ್ನು ಆಡಲು ಅನುಮತಿಯೂ ಇಲ್ಲ.

ಇದೆಲ್ಲ ಕೇಳಿ ನೀವು, 'ನೋಡಿದಿರಾ, ಆಟವೇ ದೊಡ್ಡದು, ಹಣ ಕೀಳು' ಎಂದು ನಾನು ಹೇಳಹೊರಟಿದ್ದೇನೆ ಎಂದುಕೊಂಡರೆ ಸ್ವಲ್ಪ ತಾಳಿ. 'ನಾನು ಬೆಲೆ ನೋಡುವುದಿಲ್ಲ, ಆಡುವುದಕ್ಕಷ್ಟೇ' ಎಂದು ಹೇಳುವುದು ಯಾರಿಗೆ ಸುಲಭ? ಬೆಲೆ ನೋಡದಿದ್ದರೂ ಮನೆ ನಡೆಯುವವರಿಗೆ. ಅಮೆರಿಕದಿಂದ ಪೊಟ್ಟಣ ಬರುವ ಮನೆಯ ಹುಡುಗನಿಗೆ ಅದು ಗುಣವಲ್ಲ, ಅನುಕೂಲ. ಕುಚ್ಚು ಕಟ್ಟುವ ತಾಯಿಯ ಮಗನಿಗೆ ಮೂರು ಸಾವಿರ ಕಣ್ಣಿಗೆ ಬಿದ್ದರೆ ಅದು ದುರಾಸೆ ಎಂದು ಕರೆಯುವ ಮೊದಲು ಕರೆಯುವವನು ತನ್ನ ಜೇಬನ್ನೊಮ್ಮೆ ಮುಟ್ಟಿ ನೋಡಿಕೊಳ್ಳಬೇಕು. ನಾನು ಮುಟ್ಟಿ ನೋಡಿಕೊಳ್ಳಲಿಲ್ಲ. ಅವನ ತಾಯಿ ಪ್ರತಿ ಸೀರೆಯ ಮೇಲೂ ಇದೇ ಲೆಕ್ಕ ಹಾಕುತ್ತಾಳೆ. ತನ್ನ ಕೈಯಲ್ಲಿ ಅಂದವಾಗಿ ಮೂಡಿದ ಕುಚ್ಚು ತಾನು ಉಡುವುದಕ್ಕಲ್ಲ, ಕೊಡುವುದಕ್ಕೆ. ಅವಳನ್ನು ನಾವು ದುಡಿಮೆಗಾರ್ತಿ ಎಂದು ಮೆಚ್ಚುತ್ತೇವೆ. ಮಗ ಅದೇ ಕಣ್ಣಿನಿಂದ ಎಲೆ ನೋಡಿದರೆ ಮೋಸಗಾರನೇ?

ಹಾಗೆಂದು ತಮ್ಮನ ಮಗನ ದೂರಿನಲ್ಲಿ ಹುರುಳೇ ಇರಲಿಲ್ಲ ಎನ್ನಲಾರೆ. ಅವನಿಗೆ ನಿಜವಾಗಿಯೂ ಆಟ ಬೇಕಿತ್ತು. ರಜೆಯ ಒಂದು ಮಧ್ಯಾಹ್ನ ಎಂಟು ಜನ ಒಟ್ಟಿಗೆ ಕೂರುವುದು ಈ ಕಾಲದಲ್ಲಿ ಸಣ್ಣ ಮಾತಲ್ಲ, ಅದನ್ನು ಕೆಡಿಸಬಾರದು ಎಂಬ ಆಸೆಯೂ ಬೆಲೆಬಾಳುವ ಆಸೆಯೇ. ಆದರೆ ಆ ಆಸೆಯ ಪಕ್ಕದಲ್ಲೇ ಎಲೆಯ ಆಸೆಯೂ ಕೂತಿತ್ತು ಎಂಬುದು ಅವನಿಗೆ ಗೊತ್ತಿತ್ತೋ ಇಲ್ಲವೋ. ನನಗಂತೂ ಕಾಣಲಿಲ್ಲ.

ಇಂಥ ಜಗಳಕ್ಕೆ ಆಟಗಾರರೇ ಕಂಡುಕೊಂಡ ಉಪಾಯವೊಂದಿದೆ. ಆಡುವಾಗ ಎಲ್ಲರೂ ಆಟಕ್ಕೆ ಬೇಕಾದದ್ದನ್ನೇ ಆರಿಸುವುದು. ಆಟ ಮುಗಿದ ಮೇಲೆ ಅಪರೂಪದ ಎಲೆಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಗೆದ್ದ ಕ್ರಮದಲ್ಲಿ ಒಬ್ಬೊಬ್ಬರು ಒಂದೊಂದನ್ನು ತೆಗೆದುಕೊಳ್ಳುವುದು. ಇದರಿಂದ ಎರಡು ತಕ್ಕಡಿಗಳೂ ಬೇರೆಬೇರೆಯಾಗುತ್ತವೆ. ಆದರೆ ಅನುಭವವಿದ್ದವನೇ ಪ್ರತಿಸಲ ಗೆದ್ದು ಪ್ರತಿಸಲ ಒಳ್ಳೆಯದನ್ನು ಒಯ್ಯುತ್ತಾನೆ. ಚಿಕ್ಕಮಕ್ಕಳಿರುವ ಮೇಜಿನಲ್ಲಿ ಚೀಟಿ ಎತ್ತುವುದು ವಾಸಿ. ಆರಿಸಿದವರದೇ ಎಲೆ ಎಂದರೂ ಸರಿ, ಎಲ್ಲ ಮನೆಯವರದೇ, ಆಟ ಮುಗಿದ ಮೇಲೆ ಡಬ್ಬಿಗೆ ಹಿಂತಿರುಗಿಸಬೇಕು ಎಂದರೂ ಸರಿ. ಯಾವುದಾದರೂ ಆಗಲಿ, ಪೊಟ್ಟಣ ಬಿಚ್ಚುವ ಮೊದಲು ಹೇಳಬೇಕು. ಬಿಚ್ಚಿದ ಮೇಲೆ, ಹೊಳಪು ಕಣ್ಣಿಗೆ ಬಿದ್ದ ಮೇಲೆ ಮಾಡುವ ಕಾನೂನು ಯಾರದೋ ಒಬ್ಬರ ಕಡೆಗೆ ವಾಲಿಯೇ ವಾಲುತ್ತದೆ. ಅಪ್ಪನ ಆಸ್ತಿಯ ಪಾಲುಪಟ್ಟಿಯಲ್ಲಿ ಇದನ್ನು ಕಂಡವರು ನಮ್ಮಲ್ಲಿ ಅನೇಕರಿದ್ದೀರಿ, ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ದಸರಾ ರಜೆಯಲ್ಲಿ ಮತ್ತೆ ಮೇಜು ಸಜ್ಜಾಯಿತು. ಅಕ್ಕ ಮತ್ತಷ್ಟು ಪೊಟ್ಟಣ ಕಳಿಸಿಕೊಟ್ಟಿದ್ದಳು. ಆ ಹುಡುಗ ಬರುವನೋ ಇಲ್ಲವೋ ಎಂಬ ಅಳುಕು ನನಗಿತ್ತು. ಬಂದ. ಕೂತವನೇ, ಪೊಟ್ಟಣಕ್ಕೆ ಕೈಹಾಕುವ ಮೊದಲು, ಯಾರನ್ನೂ ನೋಡದೆ ಕೇಳಿದ:

"ಆಂಟಿ, ಆಟ ಆದ್ಮೇಲೆ ಎಲೆ ಯಾರ‍್ದು?"

ತಮ್ಮನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಒಮ್ಮೆ ಮಗನ ಮುಖ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. "ತಗೊಂಡವರದು ಕಣಪ್ಪ" ಎಂದಳು.

ಅಂದು ಯಾರ ಪೊಟ್ಟಣದಲ್ಲೂ ಬೆಲೆಬಾಳುವ ಎಲೆ ಬರಲಿಲ್ಲ. ಅವನು ಮೂರರಲ್ಲಿ ಎರಡು ಪಂದ್ಯ ಗೆದ್ದ. ಬೇಸಿಗೆಯ ಆ ಎಲೆ ತಮ್ಮನ ಮಗನ ಕಡತದಲ್ಲಿ, ಪ್ಲಾಸ್ಟಿಕ್ ಹೊದಿಕೆಯೊಳಗಿದೆ. ಅವನು ಅದನ್ನು ಮಾರಿಲ್ಲ, ಅಂದಿನ ನಂತರ ಆಡಿಯೂ ಇಲ್ಲ. ನಡೆದದ್ದನ್ನೆಲ್ಲ ಅವನಿಗೆ ಹೇಳಿದ್ದೇನೆ, ನನ್ನ ತಪ್ಪನ್ನೂ ಸೇರಿಸಿ. ಕೇಳಿಸಿಕೊಂಡು ಕಡತ ಮುಚ್ಚಿಟ್ಟ. "ಯೋಚನೆ ಮಾಡ್ತೀನಿ ದೊಡ್ಡಪ್ಪ" ಎಂದ. ಇನ್ನೂ ಮಾಡುತ್ತಿದ್ದಾನೆ. ಈ ಸಲ ನಾನು ನ್ಯಾಯ ಹೇಳಲು ಹೋಗಿಲ್ಲ.